ಕಛೇರಿಯಿಂದ ಅಚ್ಚಿನವರೆಗೆ: ಸಂಗೀತ ಪತ್ರಕರ್ತರ ಕೆಲಸ ನಡೆಯುವ ಬಗೆ

‘ತಮ್ಮ ಸುಮಧುರ ಕಂಠದಿಂದ ನೆರೆದಿದ್ದ ಶ್ರೋತೃಗಳನ್ನು ಮಂತ್ರಮುಗ್ಧರನ್ನಾಗಿಸಿದರು.’ ಈ ವಾಕ್ಯ ಬರೆಯಲು ಸಂಗೀತ ಕಛೇರಿಗೆ ಹೋಗಬೇಕಾಗಿಲ್ಲ. ಯಾವ ಗಾಯಕರ ಹೆಸರಿನ ಮುಂದೆ ಇಟ್ಟರೂ, ಯಾವ ಊರಿನ ಯಾವ ಸಂಜೆಗಾದರೂ ಹೊಂದಿಕೊಳ್ಳುತ್ತದೆ. ‘ಕಾಂಭೋಜಿಯ ಆಲಾಪನೆ ಪಂಚಮದ ಸುತ್ತಲೇ ಬಹಳ ಹೊತ್ತು ನಿಂತಿತು, ತಾರಸ್ಥಾಯಿಗೆ ಏರುವಾಗ ಆತುರ ಕಂಡಿತು, ಪಿಟೀಲಿನ ಉತ್ತರ ಅದಕ್ಕಿಂತ ನಿಧಾನವಾಗಿ, ಅದಕ್ಕಿಂತ ತುಂಬಿಕೊಂಡು ಬಂತು.’ ಇದನ್ನು ಬರೆಯಬೇಕಾದರೆ ಅಲ್ಲಿ ಕೂತು ಕೇಳಿರಬೇಕು, ರಾಗ ಗೊತ್ತಿರಬೇಕು, ಕೇಳಿದ್ದನ್ನು ಆಗಲೇ ಗುರುತು ಹಾಕಿಕೊಂಡಿರಬೇಕು. ಮೊದಲನೆಯ ವಾಕ್ಯವನ್ನು ಬಿಟ್ಟು ಎರಡನೆಯದನ್ನು ಬರೆಯಲು ಏನೇನು ಬೇಕು ಎಂಬುದೇ ಸಂಗೀತ ಪತ್ರಕರ್ತರ ವೃತ್ತಿಯ ಮುಖ್ಯ ಪ್ರಶ್ನೆ.

ಕರ್ನಾಟಕದಲ್ಲಿ ಕಲಾಪುಟಕ್ಕೆ ಬರೆಯುವವರ ವರ್ಷವನ್ನು ಬಹುಮಟ್ಟಿಗೆ ಪಂಚಾಂಗವೇ ನಿಗದಿ ಮಾಡುತ್ತದೆ. ಪುಷ್ಯ ಬಹುಳ ಪಂಚಮಿಗೆ ತ್ಯಾಗರಾಜರ ಆರಾಧನೆ, ಅದೇ ಮಾಸದ ಅಮಾವಾಸ್ಯೆಗೆ ಪುರಂದರದಾಸರದು. ಯುಗಾದಿ ಕಳೆದರೆ ರಾಮನವಮಿ. ಬೆಂಗಳೂರಿನ ಚಾಮರಾಜಪೇಟೆಯಲ್ಲಿ ಶ್ರೀರಾಮಸೇವಾ ಮಂಡಳಿ 1939ರಲ್ಲಿ ಆರಂಭಿಸಿದ ಉತ್ಸವವೊಂದೇ ಸುಮಾರು ಒಂದು ತಿಂಗಳು ನಡೆಯುತ್ತದೆ. ಅದರ ಜೊತೆಜೊತೆಗೇ ಬಡಾವಣೆ ಬಡಾವಣೆಯಲ್ಲೂ ಚಪ್ಪರ ಏಳುತ್ತದೆ. ಭಾದ್ರಪದದಲ್ಲಿ ಗಣೇಶೋತ್ಸವದ ಕಛೇರಿಗಳು, ಆಮೇಲೆ ಮೈಸೂರು ದಸರೆಯ ಅರಮನೆ ವೇದಿಕೆ, ಡಿಸೆಂಬರಿನಲ್ಲಿ ಚೆನ್ನೈ ಸೀಸನ್. ಕರಾವಳಿಯಲ್ಲಿ ಕೆಲಸ ಮಾಡುವವರ ಲೆಕ್ಕ ಬೇರೆ. ಯಕ್ಷಗಾನ ಮೇಳಗಳು ದೀಪಾವಳಿ ಕಳೆದು ಗೆಜ್ಜೆ ಕಟ್ಟಿದರೆ ಬಿಚ್ಚುವುದು ಮೇ ತಿಂಗಳಲ್ಲಿ ಬರುವ ಪತ್ತನಾಜೆ ಎಂಬ ತುಳುನಾಡಿನ ಆಚರಣೆಯ ದಿನ, ಅಲ್ಲಿಂದ ಮಳೆಗಾಲದಲ್ಲಿ ವೇಷವಿಲ್ಲದೆ ಕೂತು ನಡೆಸುವ ತಾಳಮದ್ದಲೆ. ಪಂಚಾಂಗದ ಹೊರಗೆ ಎರಡು ದಿನಾಂಕಗಳನ್ನು ಎಲ್ಲರೂ ಗುರುತಿಟ್ಟುಕೊಳ್ಳಬೇಕು. ಪದ್ಮ ಪ್ರಶಸ್ತಿಗಳ ಪಟ್ಟಿ ಜನವರಿ 25ರ ಸಂಜೆ ಬರುತ್ತದೆ, ರಾಜ್ಯೋತ್ಸವ ಪ್ರಶಸ್ತಿಯ ಪಟ್ಟಿ ಅಕ್ಟೋಬರ್ ಕೊನೆಗೆ. ಎರಡೂ ಸಲ ಕೈಯಲ್ಲಿರುವುದು ಒಂದೆರಡು ಗಂಟೆ ಮಾತ್ರ. ಆ ಹೊತ್ತಿಗೆ ಕಲಾವಿದರ ಪರಿಚಯ ಹುಡುಕಲು ಹೊರಟರೆ ತಪ್ಪು ಊರು, ತಪ್ಪು ಗುರು, ತಪ್ಪು ಘರಾಣೆ (ಹಿಂದೂಸ್ತಾನಿ ಸಂಗೀತದ ಗುರುಪರಂಪರೆ) ಅಚ್ಚಾಗುವುದು ಖಂಡಿತ.

ವರದಿ ಬೇರೆ, ವಿಮರ್ಶೆ ಬೇರೆ

ಹೊಸಬರು ಮೊದಲು ಬೇರ್ಪಡಿಸಿಕೊಳ್ಳಬೇಕಾದದ್ದು ಇದನ್ನು. ವರದಿ ಎಂದರೆ ಏನು ನಡೆಯಿತು ಎಂಬುದು: ಯಾರು ಹಾಡಿದರು, ಎಲ್ಲಿ, ಯಾವ ಸಂದರ್ಭ, ಯಾರಿಗೆ ಸನ್ಮಾನ. ಪರಿಚಯ ಲೇಖನ ಕಛೇರಿಗೆ ಮುಂಚೆ ಬರುವಂಥದು. ಓದುಗರು ಹೋಗಬೇಕೋ ಬೇಡವೋ ಎಂದು ತೀರ್ಮಾನಿಸಲು ಬೇಕಾದ ಮಾಹಿತಿ ಅದರಲ್ಲಿರಬೇಕು. ವಿಮರ್ಶೆ ಎಂದರೆ ನಡೆದದ್ದು ಹೇಗಿತ್ತು, ಏಕೆ ಹಾಗಿತ್ತು ಎಂಬುದು. ಕನ್ನಡ ಪತ್ರಿಕೆಗಳಲ್ಲಿ ಇವು ಕಲಸಿಹೋಗಿರುವುದು ದುಃಖದ ಸಂಗತಿ. ವಿಮರ್ಶೆಗೆಂದು ಸಿಗುವ ಜಾಗ ಸಾಮಾನ್ಯವಾಗಿ 300ರಿಂದ 400 ಪದ. ಅದರಲ್ಲಿ ದೀಪ ಬೆಳಗಿದವರು, ಸ್ವಾಗತಿಸಿದವರು, ವಂದಿಸಿದವರು 120 ಪದ ತಿಂದುಹಾಕಿದರೆ ಸಂಗೀತಕ್ಕೆ ಉಳಿಯುವುದು ಎರಡು ಪ್ಯಾರಾ. ಸಭಾ ಕಾರ್ಯಕ್ರಮ ಸುದ್ದಿಯೇ ಆಗಿದ್ದರೆ ಅದನ್ನು ಬೇರೆ ತುಣುಕಾಗಿ ಕೊಡಬೇಕು, ವಿಮರ್ಶೆಯೊಳಕ್ಕೆ ತುರುಕಬಾರದು.

ಕಛೇರಿಗೆ ಹೋಗುವ ಮೊದಲು ಮಾಡುವ ಸಿದ್ಧತೆ ಸಣ್ಣದು, ಆದರೆ ತಪ್ಪಿಸುವಂಥದಲ್ಲ. ಕರ್ನಾಟಕ ಸಂಗೀತದಲ್ಲಿ ಹಾಡುವ ಪಟ್ಟಿ ಮೊದಲೇ ಸಿಗುವುದು ಅಪರೂಪ. ಅನೇಕರು ವೇದಿಕೆಯ ಮೇಲೆ, ಸಭಿಕರನ್ನೂ ತಮ್ಮ ಕಂಠವನ್ನೂ ನೋಡಿಕೊಂಡು ಬದಲಾಯಿಸುತ್ತಾರೆ. ಹಾಗಾಗಿ ಪಟ್ಟಿಗಿಂತ ಹೆಸರುಗಳನ್ನು ಮೊದಲು ಸಂಗ್ರಹಿಸಿ. ಆಹ್ವಾನ ಪತ್ರಿಕೆ ಇಂಗ್ಲಿಷಿನಲ್ಲಿದ್ದರೆ ‘ತ’ಕಾರವೋ ‘ಟ’ಕಾರವೋ, ‘ಲ’ವೋ ‘ಳ’ವೋ, ಸ್ವರ ಹ್ರಸ್ವವೋ ದೀರ್ಘವೋ ಅದರಿಂದ ತಿಳಿಯದು. ತಮಿಳು ಮತ್ತು ಬಂಗಾಳಿ ಹೆಸರುಗಳಲ್ಲಿ ಎಡವುವುದು ಹೆಚ್ಚು. ಸಂಘಟಕರನ್ನು ಕೇಳಿದರೂ ಸಾಲದು, ಅವರೂ ಅದೇ ಕಾಗದ ನೋಡಿ ಹೇಳುತ್ತಾರೆ. ಕಲಾವಿದರನ್ನೋ ಅವರ ಶಿಷ್ಯರನ್ನೋ ಕೇಳಿ ಕನ್ನಡದಲ್ಲೇ ಬರೆದುಕೊಳ್ಳಬೇಕು. ಪಟ್ಟಿಯಲ್ಲಿ ಬಿಟ್ಟುಹೋಗುವವರು ಯಾವಾಗಲೂ ಘಟ, ಖಂಜಿರ, ಮೋರ್ಸಿಂಗ್, ತಂಬೂರಿಯವರು. ಮೂರು ಗಂಟೆ ಒಂದೇ ಶ್ರುತಿಯಲ್ಲಿ ತಂತಿ ಮೀಟಿದವರ ಹೆಸರು ಬರೆಯಲು ಒಂದೇ ಸಾಲು ಸಾಕು.

ಎಲ್ಲಿ ಕೂರಬೇಕು, ಏನು ಬರೆದುಕೊಳ್ಳಬೇಕು

ಪತ್ರಕರ್ತರಿಗೆಂದು ಮೊದಲ ಸಾಲಿನಲ್ಲಿ ಕುರ್ಚಿ ಕಾದಿರಿಸುತ್ತಾರೆ. ಕೇಳುವುದಕ್ಕೆ ಅದು ಕೆಟ್ಟ ಜಾಗ. ಧ್ವನಿವರ್ಧಕದ ಪೆಟ್ಟಿಗೆಗಳು ವೇದಿಕೆಯ ಎಡಬಲದಲ್ಲಿದ್ದು ಸಭೆಯ ನಡುಭಾಗದತ್ತ ಮುಖಮಾಡಿರುತ್ತವೆ. ಮೊದಲ ಸಾಲಿನ ನಡುವೆ ಕೂತವರಿಗೆ ಅವುಗಳ ಧ್ವನಿ ಸರಿಯಾಗಿ ಬೀಳದೆ, ವೇದಿಕೆಯ ಮೇಲಿನ ಮೃದಂಗದ ನೇರ ಪೆಟ್ಟು ಮತ್ತು ಕಲಾವಿದರಿಗೆಂದು ಇಟ್ಟ ಮಾನಿಟರಿನ ಸದ್ದೇ ಜಾಸ್ತಿ ಕೇಳುತ್ತದೆ. ಸಭಾಂಗಣದ ಮಧ್ಯದಲ್ಲಿ, ಧ್ವನಿ ನಿಯಂತ್ರಣದ ಮೇಜಿನ ಹತ್ತಿರ ಕೂತರೆ ತಂತ್ರಜ್ಞರು ಕೇಳಿಸಬೇಕೆಂದುಕೊಂಡದ್ದು ಕೇಳಿಸುತ್ತದೆ. ಮೊದಲ ಇಪ್ಪತ್ತು ನಿಮಿಷದಲ್ಲಿ ಒಮ್ಮೆ ಜಾಗ ಬದಲಿಸಿ ನೋಡುವುದು ಒಳ್ಳೆಯದು. ‘ಕಂಠ ಮಂದವಾಗಿತ್ತು’, ‘ಪಿಟೀಲು ಅಡಗಿಹೋಯಿತು’ ಎಂದು ಬರೆದ ಎಷ್ಟೋ ವಿಮರ್ಶೆಗಳಲ್ಲಿ ನಿಜವಾದ ತಪ್ಪು ಮೈಕಿನದು, ಕಲಾವಿದರದಲ್ಲ. ಮೃದಂಗದ ಎಡಬಲಗಳಿಗೆ ಎರಡು ಮೈಕ್ ಇಟ್ಟು ಎಡದ್ದನ್ನು ಹೆಚ್ಚಿಸಿಬಿಟ್ಟರೆ ಎಡ ಮುಖವಾದ ತೊಪ್ಪಿಯ ಗುಮುಕಿಯಲ್ಲಿ, ಅದರ ಗುಂಯ್ಗುಡುವ ನಾದದಲ್ಲಿ, ಗಾಯಕರ ಮಂದ್ರಸ್ಥಾಯಿ (ಕೆಳಗಿನ ಸ್ವರಗಳು) ಮುಚ್ಚಿಹೋಗುತ್ತದೆ. ವಿಮರ್ಶಕರು ಆ ಎರಡನ್ನೂ ಬೇರ್ಪಡಿಸಿ ಹೇಳಬೇಕು. ಧ್ವನಿವ್ಯವಸ್ಥೆ ಕೆಟ್ಟಿದ್ದರೆ ಅದನ್ನೂ ಒಂದು ಸಾಲಿನಲ್ಲಿ ಹೇಳಬೇಕು. ಟಿಕೆಟು ಕೊಂಡು ಬಂದವರಿಗೆ ಅದೂ ಸಂಗೀತದಷ್ಟೇ ಮುಖ್ಯ.

ಟಿಪ್ಪಣಿಗೆ ಪುಸ್ತಕವೇ ವಾಸಿ. ಕತ್ತಲಲ್ಲಿ ಮೊಬೈಲಿನ ಬೆಳಕು ಅಕ್ಕಪಕ್ಕದವರಿಗೆ ಕಿರಿಕಿರಿ, ಬರೆಯುವಾಗ ಬರುವ ಸಂದೇಶಗಳು ನಮಗೂ ಕಿರಿಕಿರಿ. ಒಂದು ಕೃತಿಗೆ ಒಂದು ಪುಟ, ದಪ್ಪಕ್ಷರ, ಎಡ ಅಂಚಿನಲ್ಲಿ ಗಡಿಯಾರದ ಹೊತ್ತು, ನಡುವೆ ಕೇಳಿದ್ದು, ಬಲಕ್ಕೆ ಅನಿಸಿದ್ದು. ಮುಖ್ಯ ಕೃತಿಯ ಒಂದು ಪುಟ ಹೀಗಿರಬಹುದು (ಎರಡು ಕಳೆ ಎಂದರೆ ತಾಳದ ಪ್ರತಿ ಎಣಿಕೆಯನ್ನೂ ಎರಡೆರಡು ಸಲ ಹಾಕುವ ನಿಧಾನದ ನಡೆ, ನೆರವಲು ಎಂದರೆ ಸಾಹಿತ್ಯದ ಒಂದೇ ಸಾಲನ್ನು ಬಗೆಬಗೆಯಾಗಿ ವಿಸ್ತರಿಸುವುದು, ತನಿ ಎಂದರೆ ತಾಳವಾದ್ಯದವರು ಮಾತ್ರ ನುಡಿಸುವ ಭಾಗ, ತಿಶ್ರ ಎಂದರೆ ಮೂರರ ನಡೆ):

7.12 ಆಲಾಪನೆ. ಮಧ್ಯಮದಲ್ಲಿ ನಿಲುವು, ಚೆನ್ನ. 7.21 ತಾರ ಷಡ್ಜ, ಶ್ರುತಿ ಸ್ವಲ್ಪ ಕೆಳಗೆ? 7.26 ಪಿಟೀಲು. 7.33 ಪಲ್ಲವಿ, ಆದಿ, ಎರಡು ಕಳೆ. 7.49 ನೆರವಲು, ಚರಣದ ಸಾಲು (ಬರೆದುಕೊ). 7.58 ಸ್ವರ, ಲೆಕ್ಕ ಜಾಸ್ತಿ. 8.08 ತನಿ, ತಿಶ್ರಕ್ಕೆ ತಿರುಗಿದ್ದು ಸೊಗಸು. 8.21 ಮುಗಿಯಿತು. ತನಿಯಲ್ಲಿ ಹತ್ತಾರು ಮಂದಿ ಎದ್ದುಹೋದರು.

ಹೊತ್ತು ಬರೆದುಕೊಳ್ಳುವುದು ಏಕೆಂದರೆ ನೆನಪು ಸುಳ್ಳು ಹೇಳುತ್ತದೆ. ಹಿಡಿಸಿದ ಆಲಾಪನೆ ಅರ್ಧ ಗಂಟೆ ನಡೆದಂತೆ ಅನಿಸುತ್ತದೆ, ಹಿಡಿಸದ ತನಿ ಮುಗಿಯುವುದೇ ಇಲ್ಲ ಅನಿಸುತ್ತದೆ. ಗಡಿಯಾರ ನೋಡಿದರೆ ಒಂದು ಹದಿನಾಲ್ಕು ನಿಮಿಷ, ಇನ್ನೊಂದು ಹದಿಮೂರು. ಶ್ರುತಿಯ ಮುಂದಿನ ಪ್ರಶ್ನೆಚಿಹ್ನೆಯೂ ಹಾಗೆಯೇ ಬೆಲೆಯುಳ್ಳದ್ದು. ಒಂದು ಸಲ ಜಾರಿದ್ದು, ಗಾಯಕರು ತಕ್ಷಣ ಸರಿಪಡಿಸಿಕೊಂಡದ್ದು ಬರೆಯುವಷ್ಟು ದೊಡ್ಡ ವಿಷಯವಲ್ಲ. ಮೂರು ಬೇರೆ ಬೇರೆ ಪುಟಗಳಲ್ಲಿ ತಾರಸ್ಥಾಯಿಯ ಮುಂದೆ ಅದೇ ಚಿಹ್ನೆ ಕಂಡರೆ ಆಗ ಅದು ವಿಮರ್ಶೆಯ ವಿಷಯ.

ಕಛೇರಿಯನ್ನು ಪೂರ್ತಿ ಧ್ವನಿಮುದ್ರಿಸಿಕೊಂಡು ಮನೆಯಲ್ಲಿ ಕೇಳಿ ಬರೆಯೋಣ ಎನ್ನುವವರಿದ್ದಾರೆ. ಅನುಮತಿ ಇಲ್ಲದೆ ಹಾಗೆ ಮಾಡುವಂತಿಲ್ಲ. 1957ರ ಕೃತಿಸ್ವಾಮ್ಯ ಕಾಯ್ದೆಯ 38ನೇ ಸೆಕ್ಷನ್ ಕಲಾವಿದರಿಗೆ ತಮ್ಮ ಪ್ರದರ್ಶನದ ಮೇಲೆ 50 ವರ್ಷಗಳ ಹಕ್ಕು ಕೊಡುತ್ತದೆ. 39ನೇ ಸೆಕ್ಷನ್ ಪ್ರಾಮಾಣಿಕ ವಿಮರ್ಶೆಗೆ, ಪ್ರಚಲಿತ ಸುದ್ದಿಯ ವರದಿಗೆ ಸಣ್ಣ ತುಣುಕುಗಳ ಬಳಕೆಗೆ ಜಾಗ ಬಿಡುತ್ತದೆ. ಇಡೀ ಕಛೇರಿಯನ್ನು ಎತ್ತಿಕೊಳ್ಳುವುದಕ್ಕಲ್ಲ.

ರಾಗ, ತಾಳ, ಅಂಕಿತ: ತಪ್ಪುಗಳು ಹುಟ್ಟುವ ಮೂರು ಕಡೆ

ಎಲ್ಲ ರಾಗಗಳನ್ನೂ ಗುರುತಿಸಬಲ್ಲವರು ಯಾರೂ ಇಲ್ಲ, ವಿದ್ವಾಂಸರೂ ಸೇರಿ. ಮೂಲರಾಗಗಳಾದ ಮೇಳಕರ್ತಗಳೇ 72, ಅವುಗಳಿಂದ ಹುಟ್ಟಿದ ಜನ್ಯಗಳಿಗೆ ಲೆಕ್ಕವಿಲ್ಲ. ಪತ್ರಕರ್ತರಿಗೆ ಬೇಕಾದದ್ದು ಕಛೇರಿಯಲ್ಲಿ ಪದೇ ಪದೇ ಬರುವ ಐವತ್ತು ಅರವತ್ತು ರಾಗಗಳ ಖಚಿತ ಪರಿಚಯ, ಮತ್ತು ಯಾವ ಜೋಡಿಗಳು ಮೋಸ ಮಾಡುತ್ತವೆ ಎಂಬ ತಿಳಿವಳಿಕೆ. ಪಂತುವರಾಳಿ ಮತ್ತು ಪೂರ್ವಿಕಲ್ಯಾಣಿ ಎರಡರಲ್ಲೂ ಶುದ್ಧ ರಿಷಭ, ಅಂತರ ಗಾಂಧಾರ, ಪ್ರತಿ ಮಧ್ಯಮ, ಬೇರೆಯಾಗುವುದು ಧೈವತದಲ್ಲಿ. ಮೊದಲನೆಯದರಲ್ಲಿ ಅದು ಶುದ್ಧ, ಎರಡನೆಯದರಲ್ಲಿ ಚತುಶ್ರುತಿ. ಆದ್ದರಿಂದ ಆಲಾಪನೆ ಪಂಚಮ ದಾಟುವವರೆಗೆ ಕಾದು ಆಮೇಲೆ ಹೆಸರು ಬರೆಯಬೇಕು. ಆಭೋಗಿಯಲ್ಲಿ ನಿಷಾದವಿಲ್ಲ, ಶ್ರೀರಂಜನಿಯಲ್ಲಿ ಇದೆ. ಇವು ಸುಲಭದವು. ಆರಭಿ ಮತ್ತು ದೇವಗಾಂಧಾರಿಗೆ ಆರೋಹಣ ಅವರೋಹಣ ಎರಡೂ ಒಂದೇ. ಅಲ್ಲಿ ಸ್ವರಪಟ್ಟಿ ಏನೂ ಸಹಾಯ ಮಾಡದು. ಆರಭಿ ಚುರುಕಾಗಿ, ಸ್ವರಗಳನ್ನು ಹೆಚ್ಚು ಅಲುಗಿಸದೆ, ಗಾಂಧಾರ ನಿಷಾದಗಳನ್ನು ಮುಟ್ಟಿಯೂ ಮುಟ್ಟದಂತೆ ಸಾಗುತ್ತದೆ. ದೇವಗಾಂಧಾರಿ ನಿಧಾನವಾಗಿ, ರಿಷಭವನ್ನು ತೂಗಿ ತೂಗಿ ನಡೆಯುತ್ತದೆ. ಗಾಂಧಾರವನ್ನು ಎರಡೆರಡು ಸಲ ಒತ್ತಿ ‘ಗಗರಿಸ’ ಎಂದು ಇಳಿಯುವ ಜಾಗ ಬಂದರೆ ಅದು ದರ್ಬಾರ್ ರಾಗ, ನಾಯಕಿ ರಾಗವಲ್ಲ ಎಂದು ಗೊತ್ತಾಗುತ್ತದೆ. ಇಂಥದು ಪುಸ್ತಕದಿಂದ ಬರುವ ವಿದ್ಯೆಯಲ್ಲ. ಎರಡೂ ರಾಗಗಳನ್ನು ಒಂದಾದ ಮೇಲೊಂದರಂತೆ, ಬೇರೆ ಬೇರೆ ಗಾಯಕರಲ್ಲಿ, ತಿಂಗಳುಗಟ್ಟಲೆ ಕೇಳಬೇಕು.

ಅನುಮಾನ ಉಳಿದರೆ ಪಕ್ಕದ ಕುರ್ಚಿಯವರನ್ನು ಕೇಳಬೇಡಿ. ಅವರ ಆತ್ಮವಿಶ್ವಾಸ ಅವರ ಜ್ಞಾನಕ್ಕಿಂತ ಹೆಚ್ಚಿರಬಹುದು. ಪಲ್ಲವಿಯ ಮೊದಲ ನಾಲ್ಕು ಪದ ಕಿವಿಗೆ ಬಿದ್ದಂತೆ ಬರೆದುಕೊಂಡರೆ ಸಾಹಿತ್ಯದಿಂದ ರಾಗ, ತಾಳ, ವಾಗ್ಗೇಯಕಾರರನ್ನು (ರಚನೆ ಮಾಡಿದವರನ್ನು) ಆಮೇಲೆ ಪತ್ತೆಹಚ್ಚಬಹುದು. ಹೊಸ ರಚನೆಯಾದರೆ ಮರುದಿನ ಬೆಳಗ್ಗೆ ಪಕ್ಕವಾದ್ಯದವರಿಗೆ ಒಂದು ಕರೆ. ಅವರು ಸಂತೋಷದಿಂದ ಹೇಳುತ್ತಾರೆ. ವಿಮರ್ಶಕರು ಕೇಳಿದರೆಂದು ಯಾರೂ ಕೀಳಾಗಿ ಕಾಣುವುದಿಲ್ಲ, ತಪ್ಪು ರಾಗ ಅಚ್ಚಾದರೆ ಮಾತ್ರ ಹತ್ತು ವರ್ಷ ನೆನಪಿಡುತ್ತಾರೆ.

ಕರ್ನಾಟಕ, ಹಿಂದೂಸ್ತಾನಿ ಎರಡೂ ಪದ್ಧತಿಗಳಿಗೆ ಬರೆಯುವವರು ಇನ್ನೊಂದು ಕಡೆ ಎಚ್ಚರವಾಗಿರಬೇಕು. ಕರ್ನಾಟಕ ಸಂಗೀತದ ಹಿಂದೋಳ ಹಿಂದೂಸ್ತಾನಿಯ ಮಾಲಕಂಸ. ಹಿಂದೂಸ್ತಾನಿಯ ಹಿಂಡೋಲವೇ ಬೇರೆ, ಅದು ನಮ್ಮ ಸುನಾದವಿನೋದಿನಿಗೆ ಹತ್ತಿರ. ಹಿಂದೂಸ್ತಾನಿ ಭೈರವಿಯ ಸ್ವರಗಳು ನಮ್ಮ ತೋಡಿಯವು. ಹಿಂದೂಸ್ತಾನಿ ತೋಡಿಯ ಸ್ವರಗಳು ನಮ್ಮ ಶುಭಪಂತುವರಾಳಿಯವು. ಧಾರವಾಡದ ಓದುಗರಿಗೂ ಮೈಸೂರಿನ ಓದುಗರಿಗೂ ಒಂದೇ ಪುಟದಲ್ಲಿ ಬರೆಯುವಾಗ ‘ಭೈರವಿ’ ಎಂದಷ್ಟೇ ಬರೆದರೆ ಅರ್ಧ ಜನಕ್ಕೆ ತಪ್ಪು ರಾಗ ಕೇಳಿಸುತ್ತದೆ. ಯಾವ ಪದ್ಧತಿಯದೆಂದು ಸೇರಿಸಿ ಬರೆಯಬೇಕು.

ತಾಳಕ್ಕೆ ಕೈಯೇ ಆಧಾರ. ತೊಡೆಯ ಮೇಲೆ ಸದ್ದಿಲ್ಲದೆ ಹಾಕುತ್ತ ಕೂತರೆ ಆದಿಯ ಎಂಟು ಅಕ್ಷರ, ಮಿಶ್ರಛಾಪಿನ ಏಳು, ಖಂಡಛಾಪಿನ ಐದು ತಾವೇ ಹೇಳಿಕೊಳ್ಳುತ್ತವೆ. ಕೈ ಸಮಕ್ಕೆ (ತಾಳದ ಮೊದಲ ಪೆಟ್ಟಿಗೆ) ಬಿದ್ದಾಗ ಪಲ್ಲವಿ ಶುರುವಾಗದೆ ಒಂದೂವರೆ ಅಕ್ಷರ ತಡೆದು ಬಂದರೆ ಅದು ದೇಶಾದಿ ತಾಳದ ಎಡುಪು (ಹಾಡು ಶುರುವಾಗುವ ಜಾಗ), ಗಾಯಕರು ತಾಳ ತಪ್ಪಿದ್ದಲ್ಲ. ಹಿಂದೂಸ್ತಾನಿ ವಿಲಂಬಿತದಲ್ಲಿ ಕೈ ಸೋಲುತ್ತದೆ. ಹನ್ನೆರಡು ಮಾತ್ರೆಯ ಏಕತಾಲವನ್ನು ಅಷ್ಟು ನಿಧಾನಕ್ಕೆ ಹಾಕುವುದಕ್ಕಿಂತ ತಬಲಾದ ಠೇಕಾ (ತಾಳದ ನಿಗದಿತ ಬೋಲುಗಳ ಸಾಲು) ಹಿಡಿದು, ಸಮ್ ಎಲ್ಲಿ ಬೀಳುತ್ತದೆಂದು ಗುರುತಿಸುವುದು ಸುಲಭ.

ಮೂರನೆಯದು ಅಂಕಿತ, ಅಂದರೆ ರಚನೆಯಲ್ಲಿ ಬರುವ ಕರ್ತೃವಿನ ಮುದ್ರೆ. ಕನ್ನಡದ ಓದುಗರಿಗೆ ಇಲ್ಲಿ ತಪ್ಪಾದರೆ ಕ್ಷಮೆಯಿಲ್ಲ. ದೇವರನಾಮವೆಂದರೆ ಪುರಂದರದಾಸರದು ಎಂದು ಕಣ್ಣುಮುಚ್ಚಿ ಬರೆಯುವ ರೂಢಿ ಬಹಳ ಹಳೆಯದು. ‘ಕೃಷ್ಣಾ ನೀ ಬೇಗನೆ ಬಾರೋ’ ವ್ಯಾಸರಾಯರದು. ಅದನ್ನು ಪುರಂದರದಾಸರ ಹೆಸರಿಗೆ ಬರೆದ ವರದಿಗಳು ಈಗಲೂ ಬರುತ್ತವೆ. ಕೊನೆಯ ಚರಣಕ್ಕೆ ಕಿವಿಗೊಟ್ಟರೆ ಹೆಸರು ಅಲ್ಲೇ ಇರುತ್ತದೆ: ಪುರಂದರವಿಠಲ, ಕಾಗಿನೆಲೆಯಾದಿಕೇಶವ, ಶ್ರೀಪಾದರಾಜರ ರಂಗವಿಠಲ, ವಾದಿರಾಜರ ಹಯವದನ, ವಿಜಯವಿಠಲ, ಜಗನ್ನಾಥವಿಠಲ. ಕೃತಿಗಳಲ್ಲೂ ಹಾಗೆಯೇ. ಗುರುಗುಹ ಎಂದರೆ ದೀಕ್ಷಿತರು, ಶ್ಯಾಮಕೃಷ್ಣ ಎಂದರೆ ಶ್ಯಾಮಾಶಾಸ್ತ್ರಿಗಳು, ವಾಸುದೇವ ಎಂದರೆ ಮೈಸೂರು ವಾಸುದೇವಾಚಾರ್ಯರು, ಶ್ರೀವಿದ್ಯಾ ಎಂದರೆ ಜಯಚಾಮರಾಜ ಒಡೆಯರು, ಹರಿಕೇಶ ಎಂದರೆ ಮುತ್ತಯ್ಯ ಭಾಗವತರು. ಕೊನೆಯ ಚರಣ ಹಾಡದೆ ಬಿಟ್ಟರೆ ಮನೆಗೆ ಬಂದು ಸಾಹಿತ್ಯ ನೋಡಿ ಖಚಿತಪಡಿಸಿಕೊಳ್ಳಬೇಕು.

ತೀರ್ಪು ಹೇಳುವ ಬಗೆ

ಟಿಪ್ಪಣಿ ಮುಂದಿಟ್ಟುಕೊಂಡು ಬರೆಯಲು ಕೂತಾಗ ಹಾಡಿದ ಹತ್ತು ಕೃತಿಗಳನ್ನೂ ಸಾಲಾಗಿ ಹೇಳಿ ಮುಗಿಸುವ ಆಸೆ ಬರುತ್ತದೆ. ಅದನ್ನು ಬಿಡಬೇಕು. ಕಛೇರಿಯ ಗುಣವನ್ನು ತೀರ್ಮಾನಿಸಿದ ಎರಡು ಜಾಗ ಆರಿಸಿ, 350 ಪದದಲ್ಲಿ 200ನ್ನು ಅವಕ್ಕೇ ಕೊಟ್ಟರೆ ಓದುಗರಿಗೆ ಆ ಸಂಜೆ ಕೇಳಿಸುತ್ತದೆ. ಉಳಿದ ಕೃತಿಗಳನ್ನು ಒಂದು ವಾಕ್ಯದಲ್ಲಿ ಹೆಸರಿಸಿದರೆ ಸಾಕು. ವಿಶೇಷಣ ಬರೆದ ಕಡೆಯೆಲ್ಲ ‘ಯಾವುದರಿಂದ?’ ಎಂದು ಕೇಳಿಕೊಳ್ಳಬೇಕು. ‘ಭಾವಪೂರ್ಣ ನೆರವಲು’ ಎಂದು ಬರೆದಿದ್ದರೆ ಯಾವ ಸಾಲಿನ ಮೇಲೆ, ಯಾವ ಪದವನ್ನು ಎಲ್ಲಿ ಬಿಡಿಸಿದರು, ಸಾಹಿತ್ಯದ ಅರ್ಥಕ್ಕೆ ಹೊಂದುವಂತೆ ಪದ ಒಡೆದರೋ ಲಯಕ್ಕೋಸ್ಕರ ಪದ ಮುರಿದರೋ? ಉತ್ತರ ಸಿಕ್ಕಿದರೆ ಆ ಉತ್ತರವನ್ನೇ ಬರೆದು ವಿಶೇಷಣ ತೆಗೆಯಬಹುದು. ಸಿಗದಿದ್ದರೂ ತೆಗೆಯಬೇಕು. ‘ರಸದೌತಣ’, ‘ನಾದಲೋಕದಲ್ಲಿ ವಿಹಾರ’, ‘ಗಂಧರ್ವಲೋಕವೇ ಧರೆಗಿಳಿದು’ ಇವೆಲ್ಲ ಆ ಪರೀಕ್ಷೆಯಲ್ಲಿ ಉದುರಿಹೋಗುತ್ತವೆ.

ಟೀಕೆಗೂ ಅದೇ ನಿಯಮ. ಚಪ್ಪಾಳೆಗೋಸ್ಕರ ಸ್ವರಕಲ್ಪನೆಯಲ್ಲಿ ಲೆಕ್ಕಾಚಾರ ಹೆಚ್ಚಾಯಿತು ಎನ್ನುವುದು ಆರೋಪ. ‘ಕೊನೆಯ ಎಂಟು ನಿಮಿಷ ಒಂದೇ ಸ್ವರಕ್ಕೆ ಬಂದು ಸೇರುವ ಕೋರ್ವೆಗಳಲ್ಲಿ ರಾಗದ ಮುಖ ಮರೆಯಾಯಿತು’ ಎನ್ನುವುದು ವಿಮರ್ಶೆ (ಕೋರ್ವೆ ಎಂದರೆ ಲೆಕ್ಕ ಹಾಕಿ ಹೆಣೆದ ಸ್ವರಗುಚ್ಛ). ಎಳೆಯ ಕಲಾವಿದರ ಬಗ್ಗೆ ಬರೆಯುವಾಗ ತಪ್ಪು ಮುಚ್ಚಿಡಬೇಕಿಲ್ಲ, ಆದರೆ ತಿದ್ದಿಕೊಳ್ಳಬಹುದಾದ ತಪ್ಪನ್ನು ಆರಿಸಿ ಹೇಳಬೇಕು. ಕಂಠದ ಗುಣ ತಿದ್ದಲಾಗದು; ಉಸಿರು ತೆಗೆದುಕೊಳ್ಳುವ ಜಾಗ, ಸಾಹಿತ್ಯದ ಉಚ್ಚಾರಣೆ, ತಂಬೂರಿಯ ಶ್ರುತಿಗೆ ಕೊಡುವ ಗಮನ ತಿದ್ದಬಹುದು.

ಇಲ್ಲಿ ಕಾನೂನಿನ ಗೆರೆ ಅಚ್ಚರಿಯೆನಿಸುವಷ್ಟು ಸ್ಪಷ್ಟವಾಗಿದೆ. 1860ರ ಭಾರತೀಯ ದಂಡ ಸಂಹಿತೆಯ 499ನೇ ಸೆಕ್ಷನ್, ಅಂದರೆ ಈಗಿನ ಭಾರತೀಯ ನ್ಯಾಯ ಸಂಹಿತೆಯ 356ನೇ ಸೆಕ್ಷನ್, ಮಾನನಷ್ಟವನ್ನು ವಿವರಿಸುತ್ತ ಕೆಲವು ವಿನಾಯಿತಿಗಳನ್ನು ಕೊಡುತ್ತದೆ. ಅವುಗಳಲ್ಲಿ ಆರನೆಯದು ಸಾರ್ವಜನಿಕ ಪ್ರದರ್ಶನದ ಗುಣದೋಷಗಳ ಬಗ್ಗೆ ಸದ್ಭಾವನೆಯಿಂದ ಹೇಳುವ ಅಭಿಪ್ರಾಯ. ವೇದಿಕೆಗೆ ಬರುವ ನಟ ಅಥವಾ ಗಾಯಕ ತನ್ನ ಕಲೆಯನ್ನು ಜನರ ತೀರ್ಪಿಗೆ ಒಪ್ಪಿಸುತ್ತಾನೆ ಎಂಬುದು ಅಲ್ಲಿನ ದೃಷ್ಟಾಂತಗಳಲ್ಲೊಂದು. ಪುಸ್ತಕವೊಂದನ್ನು ಉದಾಹರಿಸಿ ಮಿತಿಯನ್ನೂ ಅದೇ ಹೇಳುತ್ತದೆ: ಕೃತಿಯಿಂದ ಹೊರಟು ಕರ್ತೃವಿನ ಬಗ್ಗೆ ತೀರ್ಮಾನಕ್ಕೆ ಬಂದರೆ ರಕ್ಷಣೆ ಇದೆ, ಕರ್ತೃವಿನ ನಡತೆಯಿಂದ ಹೊರಟು ಕೃತಿಯನ್ನು ಜರೆದರೆ ಇಲ್ಲ. ‘ಮೂರನೇ ಕಾಲದ ವೇಗದಲ್ಲಿ ಹಾಡಲು ಅಭ್ಯಾಸ ಸಾಲದು’ ಎಂದು ಬರೆಯಬಹುದು. ‘ಅವರ ಬದುಕೇ ಹಾಗೆ, ಹಾಡು ಹೇಗಿದ್ದೀತು’ ಎಂದು ಬರೆಯುವಂತಿಲ್ಲ. ಒಳ್ಳೆಯ ವಿಮರ್ಶೆಯ ನಿಯಮವೂ ಇದೇ ಆಗಿರುವುದರಿಂದ, ವೇದಿಕೆಯ ಮೇಲೆ ಕೇಳಿದ್ದಕ್ಕೆ ಅಂಟಿಕೊಂಡವರಿಗೆ ವಕೀಲರ ನೋಟಿಸಿನ ಭಯ ಬೇಕಿಲ್ಲ.

ಅದಕ್ಕಿಂತ ನಿತ್ಯದ ತೊಡಕು ಪರಿಚಯದ್ದು. ಸಂಗೀತದ ಲೋಕ ಚಿಕ್ಕದು. ಇಂದು ವಿಮರ್ಶೆಗೊಳಗಾದವರು ನಾಳೆ ಸಂದರ್ಶನ ಕೊಡಬೇಕಾದವರು, ಅವರ ಗುರುಗಳು ಪ್ರಶಸ್ತಿ ಸಮಿತಿಯಲ್ಲಿರುವವರು, ಸಂಘಟಕರು ಪತ್ರಿಕೆಗೆ ಜಾಹೀರಾತು ಕೊಡುವವರು. ಕೆಲವು ಗೆರೆಗಳನ್ನು ಮೊದಲೇ ಎಳೆದುಕೊಳ್ಳುವುದು ಸುಖ. ತಾವು ಕಲಿತ ಗುರುವಿನ, ಸಹಪಾಠಿಗಳ, ನೆಂಟರ ಕಛೇರಿಗೆ ವಿಮರ್ಶೆ ಬರೆಯಬಾರದು. ಸಂಘಟಕರ ಖರ್ಚಿನಲ್ಲಿ ಪ್ರಯಾಣ ಮಾಡಿದ್ದರೆ ಲೇಖನದ ಕೆಳಗೆ ಹಾಗೆಂದು ಬರೆಯಬೇಕು. ಪತ್ರಿಕಾ ಪ್ರವೇಶಪತ್ರ ತೆಗೆದುಕೊಳ್ಳಬಹುದು. ವೇದಿಕೆಗೆ ಕರೆದು ಹೊದಿಸುವ ಶಾಲು ಬೇಡ, ಏಕೆಂದರೆ ಸನ್ಮಾನಿತರು ಮರುದಿನ ಬರೆದ ಟೀಕೆಯನ್ನೂ ಹೊಗಳಿಕೆಯನ್ನೂ ಯಾರೂ ನಂಬುವುದಿಲ್ಲ. ಬರೆದದ್ದನ್ನು ಅಚ್ಚಿಗೆ ಮುಂಚೆ ಕಲಾವಿದರಿಗೆ ತೋರಿಸುವ ಪದ್ಧತಿಯೂ ಬೇಡ. ಸಂದರ್ಶನದಲ್ಲಿ ಅವರು ಹೇಳಿದ ಇಸವಿ, ಹೆಸರು, ತಾಂತ್ರಿಕ ವಿವರಗಳನ್ನು ಫೋನಿನಲ್ಲಿ ಓದಿ ಹೇಳಿ ಖಚಿತಪಡಿಸಿಕೊಳ್ಳಬಹುದು, ಅಷ್ಟೇ.

ಸಂದರ್ಶನ ಮತ್ತು ನುಡಿನಮನ

ಸಂದರ್ಶನಕ್ಕೆ ಮೊಬೈಲಿನ ರೆಕಾರ್ಡರ್ ಸಾಕು. ಏರೋಪ್ಲೇನ್ ಮೋಡ್‌ನಲ್ಲಿಟ್ಟು, ಮಾತಾಡುವವರಿಂದ ಒಂದಡಿ ದೂರದಲ್ಲಿ, ಫ್ಯಾನಿನ ಗಾಳಿ ನೇರ ಬೀಳದ ಕಡೆ ಇಡಿ. ಇನ್ನೊಂದು ಉಪಕರಣದಲ್ಲೂ ಧ್ವನಿಮುದ್ರಣ ನಡೆಯುತ್ತಿರಲಿ. ಸಂಗೀತಗಾರರು ಮಾತಿನ ನಡುವೆ ಹಾಡಿ ತೋರಿಸುತ್ತಾರೆ. ಅತ್ಯಂತ ಬೆಲೆಬಾಳುವ ಕ್ಷಣಗಳು ಅವೇ, ಬರೆದುಕೊಳ್ಳಲು ಆಗದವೂ ಅವೇ. ಒಂದು ಗಂಟೆಯ ಮಾತನ್ನು ಬರಹಕ್ಕಿಳಿಸಲು ನಾಲ್ಕೈದು ಗಂಟೆ ಬೇಕು ಎಂದು ಮೊದಲೇ ಲೆಕ್ಕ ಹಾಕಿ ಗಡುವು ಒಪ್ಪಿಕೊಳ್ಳಿ. ‘ನಿಮಗೆ ಸಂಗೀತದಲ್ಲಿ ಆಸಕ್ತಿ ಹೇಗೆ ಬಂತು?’ ಎಂಬ ಪ್ರಶ್ನೆಗೆ ಅವರು ನೂರು ಸಲ ಉತ್ತರಿಸಿ ಉತ್ತರವನ್ನು ನುಣ್ಣಗೆ ಮಾಡಿಟ್ಟಿರುತ್ತಾರೆ. ಅದರ ಬದಲು ‘ಈ ರಾಗದಲ್ಲಿ ನಿಮ್ಮ ಗುರುಗಳು ಹಾಡುತ್ತಿದ್ದ ಯಾವ ಸಂಚಾರವನ್ನು ನೀವು ಬಿಟ್ಟಿದ್ದೀರಿ?’ ಎಂದು ಕೇಳಿದರೆ ಮಾತು ಬೇರೆ ಕಡೆ ತೆರೆದುಕೊಳ್ಳುತ್ತದೆ.

ನುಡಿನಮನಕ್ಕೆ ಬೇಕಾಗುವ ಹಿರಿಯರ ಮಾಹಿತಿಯನ್ನು ಅವರಿರುವಾಗಲೇ ಕಡತದಲ್ಲಿಡಬೇಕು: ಪೂರ್ಣ ಹೆಸರು, ಹುಟ್ಟಿದ ಊರು, ದಿನಾಂಕ ಮತ್ತು ಅದನ್ನು ಹೇಳಿದವರು ಯಾರು, ಕಲಿತ ಗುರುಗಳು ಕ್ರಮವಾಗಿ, ಆಕಾಶವಾಣಿಯಲ್ಲಿದ್ದರೆ ಯಾವ ನಿಲಯ, ಮುಖ್ಯ ಧ್ವನಿಮುದ್ರಣ, ಶಿಷ್ಯರು. ಹಿಂದಿನ ತಲೆಮಾರಿನವರಲ್ಲಿ ಶಾಲೆಯ ದಾಖಲೆಯ ಜನ್ಮದಿನಾಂಕಕ್ಕೂ ಮನೆಯವರು ಹೇಳುವ ದಿನಾಂಕಕ್ಕೂ ಹೊಂದಿಕೆಯಾಗದಿರುವುದು ಸಾಮಾನ್ಯ. ಘರಾಣೆಯ ತಪ್ಪುಗಳು ನುಡಿನಮನದಲ್ಲಿ ವಿಶೇಷವಾಗಿ ನುಸುಳುತ್ತವೆ. ಧಾರವಾಡದ ಕಡೆಯವರೆಲ್ಲ ಕಿರಾಣಾ ಎಂದು ಬರೆಯುವುದು ರೂಢಿಯಾಗಿಬಿಟ್ಟಿದೆ. ಸವಾಯಿ ಗಂಧರ್ವರ ಶಿಷ್ಯರಾದ ಗಂಗೂಬಾಯಿ ಹಾನಗಲ್ ಮತ್ತು ಭೀಮಸೇನ ಜೋಶಿಯವರಿಗೆ ಅದು ಸರಿ. ಮಲ್ಲಿಕಾರ್ಜುನ ಮನ್ಸೂರರದು ಜೈಪುರ-ಅತ್ರೌಲಿ. ಅಲ್ಲಾದಿಯಾ ಖಾನರ ಮಕ್ಕಳಾದ ಮಂಜಿ ಖಾನ್ ಮತ್ತು ಬುರ್ಜಿ ಖಾನರಲ್ಲಿ ಕಲಿತದ್ದು. ಬಿ.ಆರ್. ದೇವಧರರಲ್ಲಿ ಕಲಿತ ಕುಮಾರ ಗಂಧರ್ವರನ್ನು ಯಾವ ಘರಾಣೆಯ ಚೌಕಟ್ಟಿಗೂ ಕೂರಿಸಲಾಗದು. ಸಾವಿನ ಸುದ್ದಿಯನ್ನು ಕುಟುಂಬದವರಿಂದಲೋ ಆಸ್ಪತ್ರೆಯಿಂದಲೋ ಖಚಿತಪಡಿಸಿಕೊಳ್ಳದೆ ಕಳಿಸಲೇಬಾರದು. ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಬದುಕಿರುವವರಿಗೇ ಶ್ರದ್ಧಾಂಜಲಿ ಹರಿದಾಡಿದ್ದುಂಟು.

ಚಿತ್ರ ತೆಗೆಯುವ ಹೊಣೆಯೂ ಈಗ ಹೆಚ್ಚಾಗಿ ಬರೆಯುವವರ ಮೇಲೆಯೇ ಬೀಳುತ್ತದೆ. ಫ್ಲ್ಯಾಶ್ ಖಂಡಿತ ಬೇಡ. ಮೊದಲ ವರ್ಣ ಅಥವಾ ಮೊದಲ ಕೃತಿ ಮುಗಿಯುವಷ್ಟರಲ್ಲಿ ಚಿತ್ರ ತೆಗೆದು ಕೂತುಬಿಡಬೇಕು. ಶಬ್ದವಿಲ್ಲದ ಎಲೆಕ್ಟ್ರಾನಿಕ್ ಶಟರ್ ಕಛೇರಿಗೆ ಸೂಕ್ತ, ಆದರೆ ಎಲ್‌ಇಡಿ ಬೆಳಕಿನಲ್ಲಿ ಅದು ಚಿತ್ರದ ಮೇಲೆ ಅಡ್ಡಪಟ್ಟೆಗಳನ್ನು ಮೂಡಿಸಬಹುದು. ನಮ್ಮ ವಿದ್ಯುತ್ 50 ಹರ್ಟ್ಸ್ ಆದ್ದರಿಂದ ಅನೇಕ ದೀಪಗಳು ಸೆಕೆಂಡಿಗೆ ನೂರು ಸಲ ಮಿನುಗುತ್ತವೆ. ಶಟರನ್ನು ಸೆಕೆಂಡಿನ 1/100 ಅಥವಾ 1/50ಕ್ಕೆ ಇಟ್ಟರೆ ಪಟ್ಟೆ ಬಹುಮಟ್ಟಿಗೆ ಮಾಯವಾಗುತ್ತದೆ.

ಹವ್ಯಾಸಿ ಬರಹಗಾರರಾದರೆ ಸಂಭಾವನೆ ಎಷ್ಟು, ಯಾವಾಗ, ಪ್ರಯಾಣದ ಖರ್ಚು ಸೇರಿದೆಯೇ, ಲೇಖನ ಅಚ್ಚಾಗದಿದ್ದರೆ ಏನು ಎಂಬುದನ್ನು ಕಛೇರಿಗೆ ಹೋಗುವ ಮೊದಲೇ ಇಮೇಲಿನಲ್ಲಿ ಬರೆಸಿಕೊಳ್ಳಬೇಕು. ಕಲಾಪುಟಕ್ಕೆ ಸಿಗುವ ಹಣ ಕಡಿಮೆ. ಇದರೊಂದರಿಂದಲೇ ಜೀವನ ನಡೆಸುವವರು ವಿರಳ. ಪಾಠ, ಅನುವಾದ, ಕಾರ್ಯಕ್ರಮ ನಿರೂಪಣೆ, ಸಂಪಾದನೆ ಜೊತೆಗಿರುತ್ತವೆ. ನಿರೂಪಣೆಗೆ ಹಣ ಪಡೆದ ಉತ್ಸವಕ್ಕೆ ವಿಮರ್ಶೆ ಬರೆಯುವಂತಿಲ್ಲ ಎಂಬುದು ಇಲ್ಲೂ ನೆನಪಿರಲಿ.

ಕಳಿಸುವ ಮೊದಲು ಕೊನೆಯ ಓದು ಹೆಸರುಗಳಿಗೆ ಮತ್ತು ಅಂಕಿಗಳಿಗೆ ಮೀಸಲು. ‘ನುಡಿ’ ತಂತ್ರಾಂಶದ ಹಳೆಯ ಅಕ್ಷರಶೈಲಿಯಿಂದ ಯೂನಿಕೋಡಿಗೆ ಪರಿವರ್ತಿಸಿದ ಪ್ರತಿಯಾದರೆ ಅರ್ಕಾವೊತ್ತು ಮತ್ತು ಒತ್ತಕ್ಷರಗಳು ಸ್ಥಾನಪಲ್ಲಟವಾಗಿರಬಹುದು; ‘ಕೀರ್ತನೆ’, ‘ವರ್ಣ’, ‘ದರ್ಬಾರ್’ ಇಂಥ ಪದಗಳನ್ನೇ ಹುಡುಕಿ ನೋಡಬೇಕು. ಅಚ್ಚಾದ ಮೇಲೆ ರಾಗದ ಹೆಸರೋ ವಾಗ್ಗೇಯಕಾರರ ಹೆಸರೋ ತಪ್ಪಿದೆಯೆಂದು ಓದುಗರು ಬರೆದರೆ, ಟಿಪ್ಪಣಿ ಪುಸ್ತಕ ತೆಗೆದು ನೋಡಿ, ತಪ್ಪು ನಿಜವಾದರೆ ಮುಂದಿನ ಸಂಚಿಕೆಯಲ್ಲೇ ತಿದ್ದುಪಡಿ ಹಾಕಿಸಬೇಕು. ಜಾಲತಾಣದ ಪ್ರತಿಯಲ್ಲಿ ಸದ್ದಿಲ್ಲದೆ ಪದ ಬದಲಿಸದೆ, ಯಾವ ದಿನ ಏನನ್ನು ತಿದ್ದಿದೆ ಎಂದು ಕೆಳಗೆ ನಮೂದಿಸಬೇಕು. ಪುಸ್ತಕದ ಹೊದಿಕೆಯ ಮೇಲೆ ತಿಂಗಳು, ವರ್ಷ ಬರೆದಿಟ್ಟಿದ್ದರೆ ಆ ಪುಟ ಹುಡುಕಲು ಐದು ನಿಮಿಷವೂ ಬೇಡ.